ಮೂಸುವ ಕೆಲಸ

ಮೂಸಿ ನೋಡುವ ಕೆಲಸ ವಿನುತಾಳ ಪಾಲಿಗೆ ಬಂತು. ಅವಳು ಬೇಡ ಅನ್ನಲಿಲ್ಲ.

ಇದನ್ನು ಮೊದಲಿಗೇ ಹೇಳಬೇಕು. ಆಮೇಲೆ ಕೂಗಾಟ ಆಯಿತು, ಕಂಪನಿಯ ಒಂದು ಕೋಣೆಯೇ ಬಂದ್ ಆಯಿತು, ಅವಳ ಊರಾದ ಕೇಣಿಯ ಕಡಲದಂಡೆಯಲ್ಲಿ ಹೆಂಗಸರು ಮೀನು ಒಣಹಾಕುತ್ತ ಅವಳದು ಸರಿಯೋ ತಪ್ಪೋ ಎಂದು ಜಗಳಾಡಿದರು. ಎಲ್ಲ ಆಯಿತು. ಆದರೆ ದೇವಿದಾಸ ಸರ್ ಕರೆದು ಹೇಳಿದ ದಿನ ಅವಳ ಬಾಯಿಂದ ಬಂದದ್ದು "ಆಯ್ತು ಸರ್" ಅಷ್ಟೇ.

ಕಂಪನಿ ಇರುವುದು ಬಾಳೆಗುಳಿ ಕ್ರಾಸಿನ ಹತ್ತಿರ, ಹೆದ್ದಾರಿಯಿಂದ ತುಸು ಒಳಗೆ. ಅಲ್ಲಿ ಕ್ಯಾತಿಟರ್ ಜೋಡಿಸುತ್ತಾರೆ. ಉಚ್ಚೆ ಕಟ್ಟಿಕೊಂಡ ರೋಗಿಗೆ ಆಸ್ಪತ್ರೆಯಲ್ಲಿ ತೂರಿಸುವ ನಳಿಗೆ. ಜೋಡಿಸುವ ಜಾಗಕ್ಕೆ ಕ್ಲೀನ್ ರೂಮು ಎಂದು ಹೆಸರು. ಅದರೊಳಗೆ ಧೂಳು ಹೋಗಬಾರದು, ಕೂದಲು ಹೋಗಬಾರದು. ಹೂವು, ಕುಂಕುಮ, ಕಾಡಿಗೆ, ಬಳೆ, ಪೌಡರ್ ಯಾವುದೂ ಹೋಗಬಾರದು. ಮನೆಯಿಂದ ಉಟ್ಟು ಬಂದದ್ದನ್ನು ಕಳಚಿಟ್ಟು ಕಂಪನಿಯ ಬಟ್ಟೆ ಹಾಕಿ, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಎಲ್ಲದರ ಮೇಲೆ ಕಾಲಿನಿಂದ ತಲೆಯವರೆಗೆ ಬಿಳಿ ಅಂಗಿ. ಕಣ್ಣೆರಡು ಬಿಟ್ಟರೆ ಮನುಷ್ಯರದು ಏನೂ ಕಾಣುವುದಿಲ್ಲ. ಇಲ್ಲಿ ಜಾತಿಯೂ ಕಾಣುವುದಿಲ್ಲ ಎಂದು ವಿನುತಾ ಸೇರಿದ ಹೊಸತರಲ್ಲಿ ಖುಷಿಪಟ್ಟಿದ್ದಳು. ಕಾಣುವುದಿಲ್ಲ, ನಿಜ. ಮೂಗಿಗೆ ಸಿಗುತ್ತದಂತೆ.

ಒಮ್ಮೆ ಒಳಗೆ ಕೂತರೆ ಊಟದ ಹೊತ್ತಿನವರೆಗೆ ಏಳುವಂತಿಲ್ಲ. ನಳಿಗೆಯ ತುದಿಗೆ ಪ್ಲಾಸ್ಟಿಕ್ಕಿನ ಮೂತಿ ಕೂರಿಸಬೇಕು, ಅಂಟು ಹಚ್ಚಬೇಕು, ಭೂತಗನ್ನಡಿಯ ಕೆಳಗೆ ತಿರುಗಿಸಿ ನೋಡಬೇಕು, ಮುಂದಿನದನ್ನು ಎತ್ತಿಕೊಳ್ಳಬೇಕು. ಕತ್ತು ಹಿಡಿಯುತ್ತದೆ. ಗ್ಲೌಸಿನೊಳಗೆ ಬೆರಳು ಬೆವತು ಬೆಳ್ಳಗೆ ಸುಕ್ಕಾಗುತ್ತದೆ. ನಡುವೆ ಹೊರಗೆ ಹೋಗಬೇಕೆಂದರೆ ಎಲ್ಲ ಕಳಚಿ ಮತ್ತೆ ಎಲ್ಲ ತೊಡಬೇಕು, ಲೈನು ನಿಲ್ಲುತ್ತದೆ, ಬೈಗುಳ ತಪ್ಪುವುದಿಲ್ಲ. ಹಾಗಾಗಿ ಹುಡುಗಿಯರು ಬೆಳಿಗ್ಗೆ ನೀರೇ ಕುಡಿಯುವುದಿಲ್ಲ. ಕಂಡವರ ಉಚ್ಚೆ ಸಲೀಸಾಗಿ ಹೋಗಲಿ ಎಂದು ನಳಿಗೆ ಮಾಡುವವರು ತಮ್ಮದನ್ನು ಬಿಗಿಹಿಡಿದು ಕೂತಿರುತ್ತಾರೆ.

ಇಷ್ಟನ್ನೆಲ್ಲ ಕೇಣಿಯ ಹುಡುಗಿಯರು ಸಹಿಸಿಕೊಂಡೇ ಇದ್ದರು. ದಂಡೆಯಲ್ಲಿ ಬುಟ್ಟಿ ಹೊತ್ತು ಬೆಳೆದವರಿಗೆ ಕೂತು ಮಾಡುವ ಕೆಲಸ ಕಷ್ಟವಲ್ಲ. ಹೊಸ ಕಷ್ಟ ಬಂದದ್ದು ಎಲ್ಲಿಂದಲೋ ಬಂದ ಗಿರಾಕಿ ಸಾಹೇಬನೊಬ್ಬನಿಂದ. ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನಿಂತು ಅವನು ಮೂಗು ಸಿಂಡರಿಸಿದನಂತೆ. ಅವನಿಗೆ ಬಡಿದ ನಾತ ಯಾವುದು ಎಂದು ಯಾರೂ ಕೇಳಲಿಲ್ಲ. ಆ ದಿನ ಚರಂಡಿ ಕಟ್ಟಿಕೊಂಡಿತ್ತು ಎಂದು ಕಸ ಗುಡಿಸುವ ಮಾದೇವಿ ಹೇಳಿದಳು. ಮಾದೇವಿಯ ಮಾತಿಗೆ ಬೆಲೆ ಕೊಡುವವರು ಯಾರು?

"ಈ ನಾತ ನಿಮ್ಮ ಕೇಣಿಯವ್ರದೇ," ಎಂದ ದೇವಿದಾಸ. ಆ ಪಾಳಿಯ ಮೇಲ್ವಿಚಾರಕ ಅವನು, ಅಂಕೋಲೆಯವನೇ, ಹಳೇ ಮನೆತನ, ಗದ್ದೆ ತೋಟ ಎಲ್ಲ ಉಂಟು. "ವಿನುತಾ, ನಿನ್ ಮೇಲೆ ನಂಗೆ ನಂಬಿಕೆ. ನೀ ಮೀನು ಹಿಡಿಯೂ ಹರಿಕಂತ್ರರವಳು ಅಂದ್ರೆ ಯಾರೂ ನಂಬೂದಿಲ್ಲ, ಅಷ್ಟು ಕ್ಲೀನ್ ಇರ್ತೆ. ನಾಳಿಂದ ಕೇಣಿ ಸ್ಟಾಪಿನಲ್ಲಿ ಬಸ್ಸು ಹತ್ತೂ ಹುಡ್ಗೀರ್ನ ಒಳಗೆ ಬಿಡೂ ಮುಂಚೆ ನೀ ನೋಡು. ಕುತ್ಗಿ, ಕೂದ್ಲು, ಕೈ. ನಿಮ್ಮವ್ರ ವಾಸ್ನಿ ನಿಂಗೇ ಬೇಗ ತಿಳೀತದೆ."

ಇದು ಹೊಗಳಿಕೆಯೋ ಬೈಗುಳವೋ? ಎರಡೂ ಹೌದು. ವಿನುತಾ ಹೊಗಳಿಕೆಯನ್ನು ಮಾತ್ರ ಆರಿಸಿಕೊಂಡಳು. ಆಯ್ತು ಸರ್ ಎಂದಳು.

ಮರುದಿನದಿಂದ ಅದಕ್ಕೆ ಶುಚಿ ತಪಾಸಣೆ ಎಂದು ಹೆಸರಾಯಿತು. ಕೇಣಿಯ ಹುಡುಗಿಯರು ಬೆಂಚಿನ ಮುಂದೆ ಸಾಲಾಗಿ ನಿಲ್ಲಬೇಕು. ವಿನುತಾ ಒಬ್ಬೊಬ್ಬಳ ಹಿಂದೆ ಹೋಗಿ ಜಡೆ ಎತ್ತಿ ಕುತ್ತಿಗೆಗೆ ಮೂಗು ತರಬೇಕು. ಕೈ ಹಿಡಿದು ಅಂಗೈ ಮೂಸಬೇಕು. ಉಳಿದ ಊರುಗಳ ಹುಡುಗಿಯರು ಪಕ್ಕದಲ್ಲೇ ಬಟ್ಟೆ ಬದಲಿಸುತ್ತ ನೋಡುತ್ತಿದ್ದರು. ಸಂತೆಯಲ್ಲಿ ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ನೋಡುವವಳೂ ಅದೇ ಕೊಟ್ಟಿಗೆಯವಳು.

ಕಂಪನಿಯ ಕ್ಯಾಂಟೀನಿನಲ್ಲಿ ಬುಧವಾರ ಬಂಗಡೆ ಸಾರು. ದೇವಿದಾಸ ಎರಡು ಸಲ ಹಾಕಿಸಿಕೊಂಡು, ಮುಳ್ಳು ಚೀಪಿ, ಅದೇ ಬಾಯಲ್ಲಿ ಒಳಗೆ ಬರುತ್ತಿದ್ದ. ಊಟದ ನಂತರ ತಪಾಸಣೆ ಇಲ್ಲ. ಭಾನುವಾರ ಬೈಕಿನಲ್ಲಿ ಅಂಕೋಲೆ ಮೀನುಪೇಟೆಗೆ ಬಂದು ವಿನುತಾಳ ತಾಯಿ ಮಂಗಲಾಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೀನಿನ ಕಿವಿರು ಬಿಡಿಸಿ ಮೂಸಿ ನೋಡಿ ಚೌಕಾಶಿ ಮಾಡುವವನೂ ಅವನೇ. ಮೀನು ಮೂಸಲು ಅವನ ಮೂಗೇ ಸಾಕು. ಮೀನು ಮಾರುವವರ ಮಕ್ಕಳನ್ನು ಮೂಸಲು ಮಾತ್ರ ಆಳು ಬೇಕು.

ವಿನುತಾಳನ್ನು ಮೂಸುವವರು ಯಾರೂ ಇರಲಿಲ್ಲ. ಆದರೂ ಅವಳಿಗೆ ತನ್ನದೇ ಹೆದರಿಕೆ. ಮನೆಯಲ್ಲಿ ಮೀನು ತಿನ್ನುವುದನ್ನು ಬಿಟ್ಟಳು. ಹಾಸಿಗೆ ಬೇರೆ ಮಾಡಿಕೊಂಡಳು. ಅವಳ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಒಂದು ಸಂಜೆ ಪೇಟೆಯಿಂದ ಬಂದ ಮಂಗಲಾ ಮಗಳ ಮುಖ ಬಾಡಿದ್ದು ಕಂಡು ಹಣೆ ಮುಟ್ಟಲು ಕೈ ಚಾಚಿದಳು.

"ಮುಟ್ಬೇಡಾ ಆಯೀ! ಇದ್ರಲ್ಲಿ ಕೈ ತೊಳ್ಕೊ ಮೊದ್ಲು," ಎಂದು ವಿನುತಾ ಕಂಪನಿಯಿಂದ ತಂದ ಕೈಗೆ ಹಚ್ಚುವ ಸ್ಪಿರಿಟ್ಟಿನ ಬಾಟಲಿ ಮುಂದಿಟ್ಟಳು.

ಮಂಗಲಾಳ ಬೆರಳುಗಳಲ್ಲಿ ಮುಳ್ಳು ಚುಚ್ಚಿದ ಗಾಯ, ಮಂಜುಗಡ್ಡೆಗೆ ಒಡೆದ ಬಿರುಕು, ಉಪ್ಪು ಕೂತ ಕೆಂಪು. ಸ್ಪಿರಿಟ್ಟು ತಾಗಿದ್ದೇ ಕೈಯನ್ನು ಗಾಳಿಯಲ್ಲಿ ಕೊಡವಿ ಉಫ್ ಉಫ್ ಎಂದು ಊದಿಕೊಂಡಳು.

"ಉರೀತದೆ ಮಗಾ," ಎಂದಳು. ಮತ್ತೆ ಮಗಳಿಗೆ ಬೇಜಾರಾದೀತು ಎಂದು, "ಆದ್ರೂ ಚೊಲೋ ವಾಸ್ನಿ ಉಂಟು" ಎಂದೂ ಸೇರಿಸಿದಳು.

ವಿನುತಾ ಹಣೆ ಕೊಟ್ಟಳು. ತಾಯಿಯ ಕೈ ಆಗ ಆಸ್ಪತ್ರೆಯ ವಾಸನೆ ಹೊಡೆಯುತ್ತಿತ್ತು. ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಸಮಾಧಾನ ಆಯಿತು. ಈಗ ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

ಸ್ನಾನ ಮಾಡಿದ ಮೇಲೆ ಅವಳು ಇನ್ನೊಂದು ಕೆಲಸ ಶುರುಮಾಡಿದ್ದಳು. ಬಾಗಿಲು ಹಾಕಿಕೊಂಡು ಮೈಗೆ ಪೌಡರ್ ಬಳಿಯುವುದು. ಮಲ್ಲಿಗೆಯ ವಾಸನೆಯ ಪೌಡರ್. ಕುತ್ತಿಗೆಯ ಕೆಳಗೆ, ಕಂಕುಳಲ್ಲಿ, ಎದೆಯ ನಡುವೆ, ಸೊಂಟದ ಸುತ್ತ ಹಿಟ್ಟು ಮೆತ್ತಿದ ಹಾಗೆ. ಕ್ಲೀನ್ ರೂಮಿನಲ್ಲಿ ಪೌಡರ್ ಎಂದರೆ ವಿಷ ಇದ್ದ ಹಾಗೆ ಎಂದು ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. ಸಣ್ಣ ಹುಡಿ ಬಟ್ಟೆಯ ಸಂದಿಯಿಂದ ಹಾರಿ ನಳಿಗೆಯಲ್ಲಿ ಕೂತರೆ, ಅದು ಯಾರದೋ ಮೈಯೊಳಗೆ ಹೋಗುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಬಳಿದುಕೊಂಡಳು. ಮೀನಿನ ನಾತ ಬರುವುದಕ್ಕಿಂತ ಅದೇ ವಾಸಿ ಅನ್ನಿಸಿತ್ತು.

ದಿನವೂ ಮೂಸುತ್ತಿದ್ದಳು, ದಿನವೂ "ಎಲ್ಲಾ ಸರಿ ಉಂಟು ಸರ್" ಎನ್ನುತ್ತಿದ್ದಳು. ಸರಿಯೇ ಇತ್ತು. ಕತ್ತಲಿರುವಾಗಲೇ ಎದ್ದು ತಲೆಗೆ ನೀರು ಹಾಕಿಕೊಂಡು ಬರುವ ಹುಡುಗಿಯರಲ್ಲಿ ಸಾಬೂನು ಬಿಟ್ಟರೆ ಇನ್ನೇನು ಸಿಕ್ಕೀತು?

ದೇವಿದಾಸನಿಗೆ ಅದು ಹಿಡಿಸಲಿಲ್ಲ. "ನೀ ದಿನಾ ಸರಿ ಉಂಟು, ಸರಿ ಉಂಟು ಅಂತೆ. ನಿಮ್ಮವ್ರನ್ನೇ ಮುಚ್ಚಿಡ್ತೆ ಅಂತ ಮೇಲಿನವ್ರು ಕೇಳಿದ್ರೆ ನಾ ಎಂತ ಹೇಳ್ಲಿ? ಆಮೇಲೆ ನಿನ್ನೇ ಸಾಲಲ್ಲಿ ನಿಲ್ಸೂಕೆ ಹೇಳ್ತ್ರು."

ಮರುದಿನ ವಿನುತಾ ಒಬ್ಬಳನ್ನು ಹುಡುಕಿದಳು. ಹುಡುಕಿದಳು ಎಂಬುದೇ ಸರಿಯಾದ ಮಾತು. ಸಾಲಿನ ಕೊನೆಯಲ್ಲಿ ಪ್ರೇಕ್ಷಾ ನಿಂತಿದ್ದಳು. ಎಲ್ಲರಿಗಿಂತ ಚಿಕ್ಕವಳು, ಇನ್ನೂ ಕಾಯಂ ಆಗದವಳು, ಬಾಯ್ತುಂಬ ವಿನುತಕ್ಕಾ ಎಂದು ಕರೆಯುವವಳು. ಅವಳ ಅಪ್ಪ ದೋಣಿಗೆ ಹೋಗಲಾರದೆ ಮನೆಯಲ್ಲಿ ಬಿದ್ದಿದ್ದ, ಅವನಿಗೂ ಇಂಥದೇ ನಳಿಗೆ ಹಾಕಿದ್ದರು. ಇವಳು ತಿರುಗಿ ಮಾತಾಡುವುದಿಲ್ಲ ಎಂಬುದು ವಿನುತಾಳಿಗೆ ಗೊತ್ತಿತ್ತು. ಜಡೆ ಎತ್ತಿದಳು, ಮೂಸಿದಳು. ಸಾಬೂನು ಮತ್ತು ಕೊಬ್ಬರಿಎಣ್ಣೆಯ ವಾಸನೆ.

"ಇವ್ಳಿಗೆ ಉಂಟು ಸರ್," ಎಂದಳು ಬಾಗಿಲಾಚೆ ನಿಂತ ದೇವಿದಾಸನಿಗೆ.

ಪ್ರೇಕ್ಷಾ ತಿರುಗಿ ಒಮ್ಮೆ ನೋಡಿದಳು. ಬೇರೆ ಊರಿನ ಹುಡುಗಿಯೊಬ್ಬಳು ಫಕ್ಕನೆ ನಕ್ಕಳು. ಮನೆಗೆ ಹೋಗಿ ಚೆನ್ನಾಗಿ ಮಿಂದು ನಾಳೆ ಬಾ ಎಂದು ದೇವಿದಾಸ ಹೊರಗೆ ಕಳಿಸಿದ. ಕಂಪನಿಯ ಬಸ್ಸು ಆ ಹೊತ್ತಿಗೆ ಇರುವುದಿಲ್ಲ. ಬಿಸಿಲಲ್ಲಿ ಹೆದ್ದಾರಿಯ ಅಂಚು ಹಿಡಿದು ಲಾರಿಗಳ ಧೂಳು ತಿನ್ನುತ್ತ ಹುಡುಗಿ ಕೇಣಿಯವರೆಗೆ ನಡೆದಳು. ಕೊಡಲಿ ಕಾವು ಕುಲಕ್ಕೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ದಂಡೆಗೆಲ್ಲ ಹಬ್ಬಿತ್ತು. ಮಂಗಲಾ ಒಲೆಯ ಮುಂದೆ ಕೂತಿದ್ದವಳು ತಲೆ ಎತ್ತದೆ ಕೇಳಿದಳು.

"ಪ್ರೇಕ್ಷಾನ ಮನೆಗೆ ಕಳ್ಸಿದ್ಯಂತೆ. ವಾಸ್ನಿ ಇತ್ತನೇ?"

"ಇತ್ತು."

"ಇದ್ದಿರ್ಬೇಕು," ಎಂದಳು ಮಂಗಲಾ. "ನಮ್ಗೆಲ್ಲಾ ಇರ್ತದೆ." ಆ ದಿನದಿಂದ ಅವಳು ತನ್ನ ಬಟ್ಟಲು ತೆಗೆದುಕೊಂಡು ಹಿತ್ತಲಲ್ಲಿ ಕೂತು ಉಣ್ಣತೊಡಗಿದಳು. ಮಗಳು ಒಳಗೆ ಬಾ ಎಂದು ಕರೆಯಲಿಲ್ಲ.

ಪ್ರೇಕ್ಷಾ ಮರುದಿನ ಕೆಲಸಕ್ಕೆ ಬಂದಳು. ಎಂದಿನ ಹಾಗೆ ಸಾಲಿನಲ್ಲಿ ನಿಂತು ತಾನೇ ಜಡೆ ಎತ್ತಿ ಹಿಡಿದಳು. ವಿನುತಾ ದೂರದಿಂದಲೇ ಮೂಸಿದ ಹಾಗೆ ಮಾಡಿ "ಸರಿ ಉಂಟು" ಎಂದಳು, ಕುತ್ತಿಗೆಯ ಕಡೆ ಕಣ್ಣು ಹಾಕಲಿಲ್ಲ. ವಿನುತಕ್ಕಾ ಎಂಬ ಮಾತು ನಿಂತುಹೋಯಿತು. ಒಳಗೆ ಇಬ್ಬರ ಜಾಗವೂ ಅಕ್ಕಪಕ್ಕ. ಪಾಳಿ ಪೂರ್ತಿ ಒಂದೇ ದೀಪದ ಕೆಳಗೆ ಮಾತಿಲ್ಲದೆ ನಳಿಗೆ ತಿರುಗಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಊಟಕ್ಕೆ ಮೊದಲು ಕೋಣೆಯಲ್ಲಿ ಕೆಂಪು ದೀಪ ಹತ್ತಿತು. ಗಾಳಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಧೂಳಿನ ಕಣ ಇದೆ ಎಂದು ಅರ್ಥ. ಎಲ್ಲರೂ ಕೈ ಎತ್ತಿ ಸುಮ್ಮನೆ ಕೂರಬೇಕು. ಆ ದಿನ ಜೋಡಿಸಿದ ಮಾಲೆಲ್ಲ ತಡೆಹಿಡಿದರು. ಗುಣಮಟ್ಟ ನೋಡುವ ವಿಜೇತಾ ಮೇಡಂ ಕಣ ಎಣಿಸುವ ಯಂತ್ರವನ್ನು ಹಿಡಿದು ಒಂದೊಂದೇ ಜಾಗಕ್ಕೆ ಹೋಗುತ್ತ ಬಂದಳು. ವಿನುತಾ ಮತ್ತು ಪ್ರೇಕ್ಷಾರ ನಡುವೆ ಬಂದಾಗ ಯಂತ್ರ ಕಿರುಚಿಕೊಂಡಿತು.

ದೇವಿದಾಸ ಧಾವಿಸಿ ಬಂದ. ಬಂದವನು ವಿನುತಾಳ ಕಡೆ ನೋಡಲೇ ಇಲ್ಲ.

"ನಂಗೊತ್ತಿತ್ತು," ಎಂದ ಪ್ರೇಕ್ಷಾಳಿಗೆ. "ಒಂದ್ಸಲ ಹೇಳಿದ್ರೆ ತಿಳ್ಯೂದಿಲ್ಲ ನಿಮ್ಗೆ. ದರಿದ್ರ ಮೀನಿನ ಜನ."

"ಸರ್, ಈ ಯಂತ್ರಕ್ಕೆ ಮೂಗಿಲ್ಲ," ಎಂದಳು ವಿಜೇತಾ ಮೇಡಂ. "ಇದು ವಾಸ್ನೆ ಹಿಡಿಯೂದಿಲ್ಲ, ಧೂಳು ಹಿಡೀತದೆ. ಯಾರಾದ್ರೂ ಪೌಡರ್ ಹಾಕ್ಕೊಂಡು ಬಂದಿರ್ಬೋದು. ಬೇರೆ ಎಂತದೂ ಇರ್ಬೋದು. ನೀವು ಹೇಳಿದ್ದೂ ಇರ್ಬೋದು." ಕಾರವಾರದಲ್ಲಿ ಓದಿಕೊಂಡ ಹೆಂಗಸು, ಸತ್ಯ ಗೊತ್ತಿತ್ತು. ಆದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಹಿಂದೆ ಸರಿದಳು.

ಪೌಡರ್ ಎಂಬ ಮಾತು ಬಿದ್ದದ್ದೇ ವಿನುತಾಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಗಮನಿಸಲಿಲ್ಲ. ಕಳ್ಳರು ಯಾರು ಎಂದು ಆಗಲೇ ತೀರ್ಮಾನವಾಗಿತ್ತಲ್ಲ!

"ಒಣಮೀನಿನ ಹುಡಿ ಇದ್ದೀತು," ಎಂದ ದೇವಿದಾಸ. "ಹೆಂಗೂ ಮಾಲು ಹೋಯ್ತು. ಏ, ತಲೆ ಮೇಲಿಂದು ತೆಗಿಯೇ. ವಿನುತಾ, ಎಲ್ಲಾರ ಎದ್ರಿಗೆ ಮೂಸಿ ಹೇಳು. ಇವತ್ತೇ ಇವ್ಳ ಲೆಕ್ಕ ಚುಕ್ತ ಮಾಡಿ ಕಳಿಸ್ತೆ."

ಪ್ರೇಕ್ಷಾ ಟೋಪಿ ಸರಿಸಿ ಅಂಗಿಯ ಕೊರಳು ಕೆಳಗೆಳೆದು ಕುತ್ತಿಗೆ ಬಾಗಿಸಿದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಭ್ಯಾಸವಾಗಿಹೋಗಿತ್ತು.

ವಿನುತಾ ಮಾಸ್ಕು ಕೆಳಗೆ ಸರಿಸಿ ಬಗ್ಗಿದಳು. ಮೇಜಿನ ದೀಪ ಬೆಳ್ಳಗೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಪ್ರೇಕ್ಷಾಳ ಕುತ್ತಿಗೆ ಕಂಡಿತು. ಚರ್ಮ ಸುಲಿದು ಕೆಂಪಾಗಿತ್ತು. ಕೆಲವು ಕಡೆ ಹಕ್ಕಳೆ ಕಟ್ಟಿತ್ತು, ಕೆಲವು ಕಡೆ ಇನ್ನೂ ಹಸಿ. ತೆಂಗಿನ ನಾರಿನಿಂದ ಪಾತ್ರೆ ತಿಕ್ಕಿದ ಹಾಗೆ ಹುಡುಗಿ ದಿನವೂ ತನ್ನ ಕುತ್ತಿಗೆ ತಿಕ್ಕಿಕೊಂಡಿದ್ದಳು. ಇಲ್ಲದ ನಾತವನ್ನು ತಿಕ್ಕಿ ತಿಕ್ಕಿ ತೆಗೆಯಲು ನೋಡಿದ್ದಳು.

ವಿನುತಾ ಮುಖ ಹಿಂದೆ ತೆಗೆದಳು. ಇದು ದೇವಿದಾಸ ಮಾಡಿದ್ದಲ್ಲ, ತಾನು ಮಾಡಿದ್ದು. ಒಂದು ಸುಳ್ಳು ಮಾತಿನಿಂದ ಮಾಡಿದ್ದು.

"ಹೇಳು," ಎಂದ ದೇವಿದಾಸ. "ಉಂಟೋ ಇಲ್ವೋ?"

ವಿನುತಾ ನೆಟ್ಟಗೆ ನಿಂತಳು. ಬಿಳಿ ಅಂಗಿಯ ಜಿಪ್ಪು ಹಿಡಿದು ಗಲ್ಲದಿಂದ ಹೊಟ್ಟೆಯವರೆಗೆ ಒಂದೇ ಸಲ ಎಳೆದಳು. ಆ ಕೋಣೆಯಲ್ಲಿ ಯಾರೂ ಮಾಡಬಾರದ ಕೆಲಸ ಅದು. ವಿಜೇತಾ ಮೇಡಂ "ಅಯ್ಯೋ" ಎಂದು ಕೂಗಿದಳು. ವಿನುತಾ ಒಳಗಿನ ಅಂಗಿಯ ಕೊರಳು ಹಿಡಿದು ಕೊಡವಿದಳು, ಎದೆಯ ಮೇಲೆ ಅಂಗೈಯಿಂದ ಪಟಪಟ ಬಡಿದುಕೊಂಡಳು. ದೀಪದ ಬೆಳಕಿನಲ್ಲಿ ಬಿಳಿ ಹುಡಿ ಎದ್ದಿತು. ಮಲ್ಲಿಗೆಯ ವಾಸನೆ ಕೋಣೆ ತುಂಬಿತು. ಯಂತ್ರ ನಿಲ್ಲದೆ ಕಿರುಚತೊಡಗಿತು.

"ನೋಡಿ ಸರ್! ಮೀನಲ್ಲ ಇದು, ಪೌಡರ್. ನಂದು. ದಿನಾ ಬಳ್ಕೊಂಡು ಬತ್ತೆ ನಾ. ನಂಗೆ ನಾತ ಬಂದೀತು ಅಂತ. ನೀವು ನನ್ನೂ ಸಾಲಲ್ಲಿ ನಿಲ್ಸ್ತ್ರಿ ಅಂತ!" ಪ್ರೇಕ್ಷಾಳ ಕಡೆ ಕೈ ತೋರಿಸಿದಳು. "ಈ ಹುಡ್ಗೀಗೆ ಎಂತ ವಾಸ್ನಿಯೂ ಇಲ್ಲ. ಆವತ್ತೂ ಇರ್ಲಿಲ್ಲ. ನಾ ಸುಳ್ಳು ಹೇಳ್ದೆ. ಇನ್ನು ನಾ ಯಾರನ್ನೂ ಮೂಸೂದಿಲ್ಲ. ಬೇಕಾರೆ ನೀವೇ ಮೂಸ್ಕಣಿ. ಬುಧವಾರ ಉಂಡ ಕೈಯ್ಯನ್ನ ಮೊದ್ಲು ಮೂಸ್ಕಣಿ!"

ಯಾರೋ ಮಾಸ್ಕಿನೊಳಗೆ ಉಸಿರು ಎಳೆದುಕೊಂಡರು. ದೇವಿದಾಸನ ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅವು ಗಾಯಗೊಂಡವನ ಕಣ್ಣಿನಂತಿರಲಿಲ್ಲ, ಸಾಲ ಕೊಟ್ಟು ಮೋಸಹೋದವನ ಕಣ್ಣಿನಂತಿದ್ದವು. ತಾನು ಇಷ್ಟು ಮೇಲೆ ತಂದವಳು ಹೀಗೆ ಮಾಡಿದಳಲ್ಲ ಎಂಬ ಸಿಟ್ಟು.

ಎಲ್ಲರನ್ನೂ ಹೊರಗೆ ಕಳಿಸಿ ಕೋಣೆ ಬಂದ್ ಮಾಡಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ದೇವಿದಾಸ ಕೈ ನೀಡಿದ. ವಿನುತಾ ಕತ್ತಿನ ಕಾರ್ಡು ಬಿಚ್ಚಿ ಕೊಟ್ಟಳು. ಅವಳಿಗೆ ಎದೆ ಹಗುರಾಗಿತ್ತು. ತಾನೊಂದು ದೊಡ್ಡ ಕೆಲಸ ಮಾಡಿದೆ ಎನ್ನಿಸುತ್ತಿತ್ತು. ಕೇಣಿಯ ಹುಡುಗಿಯರು ತನ್ನ ಕಡೆ ನೋಡಲಿ ಎಂದು ಕಾದಳು.

ದೇವಿದಾಸ ಅವಳನ್ನು ದಾಟಿ ಪ್ರೇಕ್ಷಾಳ ಮುಂದೆ ನಿಂತ. ದನಿ ಬೆಣ್ಣೆಯಾಗಿತ್ತು.

"ನಿನ್ ತಪ್ಪಿಲ್ಲ ಅಂತಾಯ್ತು. ನೀ ಒಳ್ಳೇ ಹುಡ್ಗಿ. ಅಪ್ಪಂಗೆ ಹುಷಾರಿಲ್ಲ ಅಲ್ಲ? ನಾಳಿಂದ ಬೆಳಿಗ್ಗೆ ತಪಾಸಣೆ ನೀ ನೋಡ್ಕೊ. ನಿನ್ನ ಕಾಯಂ ಮಾಡೂ ವಿಷ್ಯ ನಾ ಮೇಲೆ ಮಾತಾಡ್ತೆ."

ಪ್ರೇಕ್ಷಾ ತಲೆಯ ಟೋಪಿಯನ್ನು ಬುಟ್ಟಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ.

"ಇಲ್ಲ ಸರ್," ಎಂದಳು. "ನಾ ಮೂಸೂದಿಲ್ಲ."

"ಎಂತಕ್ಕೆ?"

"ಹಂಗೆಲ್ಲಾ ಮೂಸೂಕೆ ಅವ್ರು ಮೀನಲ್ಲ."

ಕೂಗಲಿಲ್ಲ, ಅಳಲಿಲ್ಲ. ಬೇಡದ ಮೀನನ್ನು ಬುಟ್ಟಿಗೆ ವಾಪಸು ಇಟ್ಟ ಹಾಗೆ ಹೇಳಿದಳು. ಹಾಗಾದರೆ ನೀನೂ ಹೋಗು ಎಂದ ದೇವಿದಾಸ. ಅವಳು ಕಾರ್ಡು ಬಿಚ್ಚಿ ಬೆಂಚಿನ ಮೇಲಿಟ್ಟಳು, ತನ್ನ ಚಪ್ಪಲಿ ಮೆಟ್ಟಿದಳು. ಕೇಣಿಯ ಉಳಿದ ಹುಡುಗಿಯರು ಗೋಡೆಗೆ ಒರಗಿ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಪ್ರೇಕ್ಷಾಳನ್ನು.

ವಿನುತಾಳ ಎದೆಯ ಹಗುರ ಅಲ್ಲಿಗೇ ಇಳಿಯಿತು. ಆ ಮಾತು ಇಷ್ಟು ಸಣ್ಣದೇ? ಅದಕ್ಕೆ ಅಂಗಿ ಬಿಚ್ಚಬೇಕಿರಲಿಲ್ಲ, ಎದೆ ಬಡಿದುಕೊಳ್ಳಬೇಕಿರಲಿಲ್ಲ. ಮೊದಲ ದಿನ, ಕರೆದು ಹೇಳಿದಾಗ, ನಿಂತಲ್ಲೇ ಹೇಳಿ ಮುಗಿಸಬಹುದಿತ್ತು. ತನಗೆ ಕಾಯಂ ಕೆಲಸ ಇತ್ತು, ಮನೆಯಲ್ಲಿ ದುಡಿಯುವ ಆಯಿ ಇದ್ದಳು. ಏನೂ ಇಲ್ಲದ ಹುಡುಗಿ ಹೇಳಿದಳು.

ಹೊರಗೆ ಬಿಸಿಲು. ಬಾಳೆಗುಳಿ ಕ್ರಾಸಿನ ಕಡೆಗೆ ಪ್ರೇಕ್ಷಾ ಬೇಗ ಬೇಗ ನಡೆಯುತ್ತಿದ್ದಳು. ದುಪಟ್ಟಾ ಕುತ್ತಿಗೆಗೆ ತಾಗದ ಹಾಗೆ ಕೈಯಲ್ಲಿ ಸುತ್ತಿ ಹಿಡಿದಿದ್ದಳು. ವಿನುತಾ ಓಡಿ ಹೋಗಿ ಜೊತೆಗೂಡಿದಳು. ಏದುಸಿರು ಬಿಡುತ್ತಿದ್ದಳು, ಅವಳ ಮೈಯಿಂದ ಇನ್ನೂ ಮಲ್ಲಿಗೆ ವಾಸನೆ ಬರುತ್ತಿತ್ತು.

"ಪ್ರೇಕ್ಷಾ, ನಂದು ತಪ್ಪಾಯ್ತು. ಆವತ್ತು ಅವ್ರು ಹೇಳ್ದಾಗ ನಂಗೆ ಬ್ಯಾಡ ಅನ್ನೂಕೆ ಆಗ್ಲಿಲ್ಲ ಮಾರಾಯ್ತಿ."

ಪ್ರೇಕ್ಷಾ ನಿಂತಳು. ಸಿಟ್ಟಿನ ಮುಖ ಆಗಿದ್ದರೆ ವಿನುತಾಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅದು ದಣಿದ ಮುಖ, ಅಷ್ಟೇ.

"ಆಗ್ತಿತ್ತು," ಎಂದಳು ಪ್ರೇಕ್ಷಾ. ಮತ್ತೆ ನಡೆದಳು.

ವಿನುತಾ ರಸ್ತೆಯ ಅಂಚಿನಲ್ಲೇ ಉಳಿದಳು. ಮುಂದೆ ಹೋದವಳ ಕುತ್ತಿಗೆ ಬಹಳ ದೂರದವರೆಗೂ ಕೆಂಪಗೆ ಕಾಣುತ್ತಿತ್ತು.